ಸಂಸ್ಥೆಗೊಂದು ಜಾಲ: ವಿನ್ಯಾಸವಿದ್ಯೆಯ ಅಭ್ಯಾಸ

ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ಪಹಣಿಗಾಗಿ ನಿಂತ ರೈತನಿಗಾಗಲಿ, ನ್ಯಾಯಬೆಲೆ ಅಂಗಡಿಯಲ್ಲಿ ಬೆರಳೊತ್ತಿ ಕಾಯುತ್ತಿರುವ ಗೃಹಿಣಿಗಾಗಲಿ, ಬ್ಯಾಂಕಿನ ಬೆಂಚಿನ ಮೇಲೆ ಪಾಸ್‌ಬುಕ್ ಹಿಡಿದು ಕುಳಿತಿರುವ ನಿವೃತ್ತ ಉಪಾಧ್ಯಾಯರಿಗಾಗಲಿ ಇಂದು ಚಿರಪರಿಚಿತವಾಗಿರುವ ಮಾತು ‘ಸರ್ವರ್ ಡೌನ್, ನಾಳೆ ಬನ್ನಿ’ ಎಂಬುದು. ದಿನದ ಕೂಲಿಯನ್ನು ಬಿಟ್ಟು, ಬಸ್ಸಿನ ದುಡ್ಡು ತೆತ್ತು ಬಂದವರು ಆ ಮಾತನ್ನು ಕೇಳಿ ಹಿಂದಿರುಗುವಾಗ, ಎಲ್ಲಿಯೋ ಒಂದು ದೊಡ್ಡ ಯಂತ್ರ ಕೆಟ್ಟು ನಿಂತಿದೆಯೆಂದೇ ಭಾವಿಸುತ್ತಾರೆ. ವಸ್ತುತಃ ಎಷ್ಟೋ ವೇಳೆ ಆ ಯಂತ್ರ ಸುಸ್ಥಿತಿಯಲ್ಲಿಯೇ ಇರುತ್ತದೆ. ಅದರ ಹೆಸರು ಹೇಳಿದೊಡನೆ ಅದರ ವಿಳಾಸವನ್ನು ತಿಳಿಸಬೇಕಾದ ಸೇವೆಯೋ, ಕಚೇರಿಯ ಗಣಕಕ್ಕೆ ವಿಳಾಸವನ್ನು ಕೊಡಬೇಕಾದ ಸೇವೆಯೋ, ಗುಮಾಸ್ತನು ಇಂಥವನೇ ಎಂದು ಗುರುತಿಸಿ ಒಳಗೆ ಬಿಡಬೇಕಾದ ಸೇವೆಯೋ, ಅಥವಾ ಇವೆಲ್ಲವನ್ನೂ ಹೊತ್ತು ಸಾಗಿಸಬೇಕಾದ ತಂತಿಯೋ, ನಡುವೆ ಎಲ್ಲಿಯೋ ಕೈಕೊಟ್ಟಿರುತ್ತದೆ. ಯಾರ ಕಣ್ಣಿಗೂ ಬೀಳದ, ಆದರೆ ಸಂಸ್ಥೆಯ ಸಮಸ್ತ ಕಾರ್ಯಕಲಾಪಗಳಿಗೂ ಆಧಾರವಾಗಿರುವ ಈ ಸೇವೆಗಳನ್ನು ಒಂದಕ್ಕೊಂದು ಹೊಂದುವಂತೆ ಮುಂಚಿತವಾಗಿ ಯೋಜಿಸುವುದು ಒಂದು ಪ್ರತ್ಯೇಕವಾದ ವಿದ್ಯೆ. ಆ ವಿದ್ಯೆಯನ್ನು ಕಲಿಯುವುದು ಹೇಗೆಂಬುದೇ ಈ ಲೇಖನದ ವಿಷಯ.

ಸ್ವಿಚ್ಚನ್ನೂ ರೂಟರನ್ನೂ ಜೋಡಿಸಿ, ಆಜ್ಞೆಗಳನ್ನು ಬರೆದು, ದೀಪ ಹಸಿರಾಗುವಂತೆ ಮಾಡಬಲ್ಲ ತರುಣ ತರುಣಿಯರಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಉಪಕರಣವನ್ನು ಬಲ್ಲವನು ವಿನ್ಯಾಸವನ್ನು ಬಲ್ಲವನೆಂದು ಹೇಳಲಾಗದು. ಉಪಕರಣದ ಜ್ಞಾನವು ‘ಇದು ಹೇಗೆ ನಡೆಯುತ್ತದೆ’ ಎಂಬ ಪ್ರಶ್ನೆಗೆ ಉತ್ತರ. ವಿನ್ಯಾಸದ ಜ್ಞಾನವಾದರೋ ‘ಇದು ನಿಂತುಹೋದಾಗ ಏನೇನು ನಿಲ್ಲುತ್ತದೆ, ಯಾರ ಕೆಲಸ ಕೆಡುತ್ತದೆ, ಎಷ್ಟು ಹೊತ್ತು ಕೆಟ್ಟರೆ ಸಹಿಸಬಹುದು’ ಎಂಬ ಪ್ರಶ್ನೆಯಿಂದ ಆರಂಭವಾಗತಕ್ಕದ್ದು. ಈ ಎರಡನೆಯ ಪ್ರಶ್ನೆಯನ್ನು ಕೇಳುವ ಅಭ್ಯಾಸವು ಯಶಸ್ಸಿನ ಕಥೆಗಳಿಂದ ಬರುವುದಿಲ್ಲ. ಪ್ರಾಮಾಣಿಕವಾಗಿ ದಾಖಲಾದ ಒಂದು ವಿಪತ್ತಿನ ಅಧ್ಯಯನದಿಂದ ಬರುತ್ತದೆ. ಅಂಥ ದಾಖಲೆಗಳಲ್ಲಿ ಅಮೆರಿಕದ ಬಾಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯದನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ.

1996ರಲ್ಲಿ ಎರಡು ಹಳೆಯ ಆಸ್ಪತ್ರೆಗಳು ಒಂದಾಗಿ ರೂಪುಗೊಂಡ ಈ ಸಂಸ್ಥೆಯು ಗಣಕಬಳಕೆಯಲ್ಲಿ ಆ ದೇಶದಲ್ಲಿಯೇ ಮುಂಚೂಣಿಯಲ್ಲಿತ್ತು. ವೈದ್ಯರು ಔಷಧವನ್ನು ಸೂಚಿಸುವುದು, ಪ್ರಯೋಗಾಲಯವು ಫಲಿತಾಂಶವನ್ನು ತಿಳಿಸುವುದು, ಕ್ಷಕಿರಣ ಚಿತ್ರಗಳನ್ನು ನೋಡುವುದು ಎಲ್ಲವೂ ಜಾಲದ ಮೂಲಕವೇ ನಡೆಯುತ್ತಿದ್ದವು. 2002ರ ನವೆಂಬರ್ 13ರಂದು ಆ ಜಾಲ ಕುಸಿಯಿತು. ಸುಮಾರು ನಾಲ್ಕು ದಿನಗಳ ಕಾಲ ಒಮ್ಮೆ ಎದ್ದು ಒಮ್ಮೆ ಬಿದ್ದು ಎಲ್ಲರನ್ನೂ ಕಾಡಿತು. ಸಂಶೋಧಕನೊಬ್ಬನು ಪರೀಕ್ಷಾರ್ಥವಾಗಿ ಅಳವಡಿಸಿಕೊಂಡಿದ್ದ ತಂತ್ರಾಂಶವೊಂದು ಅಗಾಧ ಪ್ರಮಾಣದ ದತ್ತಾಂಶವನ್ನು ಜಾಲದೊಳಕ್ಕೆ ಹರಿಯಬಿಟ್ಟದ್ದು ಇದಕ್ಕೆ ನಿಮಿತ್ತವಾಯಿತು. ನಿಮಿತ್ತವೆಂದು ಉದ್ದೇಶಪೂರ್ವಕವಾಗಿಯೇ ಹೇಳುತ್ತೇನೆ. ಏಕೆಂದರೆ ಕಾರಣ ಅದಕ್ಕಿಂತ ಬಹಳ ಹಿಂದೆ, ಬಹಳ ಆಳದಲ್ಲಿತ್ತು.

ಆ ಕಾರಣವನ್ನು ಅರಿಯಲು ಸ್ವಲ್ಪ ಶಾಸ್ತ್ರ ಬೇಕಾಗುತ್ತದೆ. ಈಥರ್ನೆಟ್ ಜಾಲದಲ್ಲಿ ಸ್ವಿಚ್ಚುಗಳ ನಡುವೆ ಒಂದೇ ದಾರಿಯಿದ್ದರೆ ಅದು ಕಡಿದ ದಿನ ಎಲ್ಲವೂ ನಿಲ್ಲುತ್ತದೆ; ಎರಡು ದಾರಿಗಳಿದ್ದರೆ ಅವು ಕೂಡಿ ವೃತ್ತವಾಗುತ್ತವೆ, ಮತ್ತು ಎಲ್ಲರನ್ನೂ ಉದ್ದೇಶಿಸಿ ಹೊರಟ ಸಂದೇಶವೊಂದು ಆ ವೃತ್ತದಲ್ಲಿ ಕೊನೆಯಿಲ್ಲದೆ ಸುತ್ತುತ್ತ, ಸುತ್ತಿದಂತೆಲ್ಲ ಹೆಚ್ಚುತ್ತ, ಕ್ಷಣಾರ್ಧದಲ್ಲಿ ಜಾಲವನ್ನು ತುಂಬಿಬಿಡುತ್ತದೆ. ಈ ಸಂಕಟಕ್ಕೆ 1985ರಲ್ಲಿ ಡಿಜಿಟಲ್ ಈಕ್ವಿಪ್‌ಮೆಂಟ್ ಸಂಸ್ಥೆಯಲ್ಲಿದ್ದ ರೇಡಿಯಾ ಪರ್ಲ್‌ಮನ್ ಎಂಬ ವಿದುಷಿ ಪರಿಹಾರವನ್ನು ಕಂಡುಹಿಡಿದರು. ‘ಸ್ಪ್ಯಾನಿಂಗ್ ಟ್ರೀ’ ಎಂದು ಪ್ರಸಿದ್ಧವಾದ ಆ ಕ್ರಮದಲ್ಲಿ ಸ್ವಿಚ್ಚುಗಳು ಪರಸ್ಪರ ಸಣ್ಣ ಸಂದೇಶಗಳನ್ನು ಕಳಿಸಿಕೊಳ್ಳುತ್ತ, ಹೆಚ್ಚುವರಿ ದಾರಿಯನ್ನು ತಾವೇ ಮುಚ್ಚಿಟ್ಟು, ಮುಖ್ಯದಾರಿ ಕಡಿದಾಗ ಮಾತ್ರ ಅದನ್ನು ತೆರೆಯುತ್ತವೆ. ಆದರೆ ಈ ಕ್ರಮಕ್ಕೊಂದು ಮಿತಿಯಿದೆ: ಮಾನಕದಲ್ಲಿ ಸೂಚಿಸಿರುವ ಕಾಲಮಾನಗಳನ್ನೇ ಇಟ್ಟುಕೊಂಡರೆ ಯಾವ ಎರಡು ತುದಿಗಳ ನಡುವೆಯೂ ಏಳಕ್ಕಿಂತ ಹೆಚ್ಚು ಸ್ವಿಚ್ಚುಗಳಿರಬಾರದು. ಬಾಸ್ಟನ್ನಿನ ಆಸ್ಪತ್ರೆಯ ಜಾಲವು ವರ್ಷದಿಂದ ವರ್ಷಕ್ಕೆ, ಒಂದು ವಿಭಾಗಕ್ಕೆ ಮತ್ತೊಂದು ವಿಭಾಗ ಸೇರಿ, ಒಂದು ಕಟ್ಟಡಕ್ಕೆ ಮತ್ತೊಂದು ಕಟ್ಟಡ ಕೂಡಿ, ಯಾರೂ ಒಟ್ಟಾಗಿ ಯೋಜಿಸದೆಯೇ ಆ ಮಿತಿಯನ್ನು ದಾಟಿಹೋಗಿತ್ತು. ದತ್ತಾಂಶದ ಪ್ರವಾಹ ಬಂದಾಗ ಸ್ವಿಚ್ಚುಗಳ ಪರಸ್ಪರ ಸಂದೇಶಗಳು ದಾರಿಯಲ್ಲಿಯೇ ಕಳೆದುಹೋದವು, ಮುಖ್ಯದಾರಿ ಸತ್ತಿತೆಂದು ಭ್ರಮಿಸಿದ ಸ್ವಿಚ್ಚು ಮುಚ್ಚಿದ ದಾರಿಯನ್ನು ತೆರೆಯಿತು, ವೃತ್ತ ಪೂರ್ಣವಾಯಿತು.

ಮುಂದೆ ನಡೆದದ್ದು ಯಂತ್ರಶಾಸ್ತ್ರದ ಸಂಗತಿಗಿಂತ ಮಾನವಶಾಸ್ತ್ರದ ಸಂಗತಿ. ಆಸ್ಪತ್ರೆಯು ಜಾಲವನ್ನು ಕೈಬಿಟ್ಟು ಕಾಗದಕ್ಕೆ ಮರಳಿತು. ಆದರೆ ಕಾಗದದ ನಮೂನೆಗಳಲ್ಲಿ ಔಷಧವನ್ನು ಬರೆದು ಅಭ್ಯಾಸವೇ ಇಲ್ಲದ ಎಳೆಯ ವೈದ್ಯರಿಗೆ ಹಿರಿಯರು ಆ ಕ್ರಮವನ್ನು ಕಲಿಸಬೇಕಾಯಿತು; ಪ್ರಯೋಗಾಲಯದ ವರದಿಗಳನ್ನು ಕೈಯಲ್ಲಿ ಹಿಡಿದು ಮಹಡಿಯಿಂದ ಮಹಡಿಗೆ ಓಡಾಡುವವರು ಬೇಕಾದರು. ಸಿಸ್ಕೊ ಕಂಪನಿಯ ತಜ್ಞರು ಉಪಕರಣಗಳೊಡನೆ ಬಂದು ಜಾಲವನ್ನು ಭಾಗಭಾಗವಾಗಿ ಬೇರ್ಪಡಿಸಿ, ಭಾಗಗಳ ನಡುವೆ ರೂಟರುಗಳನ್ನಿಟ್ಟು, ಒಂದರ ರೋಗ ಮತ್ತೊಂದಕ್ಕೆ ಹರಡದಂತೆ ಹೊಸದಾಗಿ ಕಟ್ಟಿದರು. ಅಂದು ಆಸ್ಪತ್ರೆಯ ಮಾಹಿತಿ ವಿಭಾಗದ ಮುಖ್ಯಸ್ಥರಾಗಿದ್ದ, ಸ್ವತಃ ವೈದ್ಯರೂ ಆಗಿದ್ದ ಜಾನ್ ಹಲಾಮ್ಕಾ ಅವರು ಈ ವೃತ್ತಾಂತವನ್ನು ಮುಚ್ಚಿಡದೆ ಎಲ್ಲರ ಮುಂದಿಟ್ಟರು. 2003ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಂಥ ಪ್ರತಿಷ್ಠಿತ ವೈದ್ಯಪತ್ರಿಕೆಯೂ ಅದನ್ನು ಚರ್ಚಿಸಿತು. ತಮ್ಮ ಸಂಸ್ಥೆಯ ಸೋಲನ್ನು ಪರರ ಪಾಠಕ್ಕೆಂದು ತೆರೆದಿಡುವುದಕ್ಕೆ ದೊಡ್ಡ ಮನಸ್ಸು ಬೇಕು; ವಿನ್ಯಾಸವಿದ್ಯೆಯ ವಿದ್ಯಾರ್ಥಿಗಳೆಲ್ಲರೂ ಅವರಿಗೆ ಋಣಿಗಳು.

ನಮ್ಮ ನಾಡಿನಲ್ಲಿ ಕೆರೆ ಕಟ್ಟಿಸಿದ ಹಿರಿಯರು ನೀರು ಗದ್ದೆಗೆ ಹರಿಯುವ ತೂಬಿಗೆ ಎಷ್ಟು ಗಮನ ಕೊಟ್ಟರೋ, ಮಿಕ್ಕ ನೀರು ಏರಿಯನ್ನು ಒಡೆಯದೆ ಹೊರಹರಿಯುವ ಕೋಡಿಗೂ ಅಷ್ಟೇ ಗಮನ ಕೊಟ್ಟರು. ಆಸ್ಪತ್ರೆಯ ಜಾಲಕ್ಕೆ ತೂಬುಗಳು ಬೇಕಾದಷ್ಟಿದ್ದವು, ಕೋಡಿ ಇರಲಿಲ್ಲ.

ಇನ್ನು ವಿನ್ಯಾಸದ ಅಂಗಗಳನ್ನು ನೋಡೋಣ. ಅವುಗಳಲ್ಲಿ ಅತ್ಯಂತ ದೀರ್ಘಕಾಲ ಉಳಿಯುವ ನಿರ್ಣಯವೆಂದರೆ ವಿಳಾಸಗಳ ಹಂಚಿಕೆ. ಉಪಕರಣಗಳು ಐದಾರು ವರ್ಷಗಳಲ್ಲಿ ಬದಲಾಗುತ್ತವೆ. ಆದರೆ ಆರಂಭದಲ್ಲಿ ಯಾರೋ ಅವಸರದಲ್ಲಿ ಕೊಟ್ಟ ಅಂಕಿಗಳು ಮುದ್ರಣಯಂತ್ರಗಳಲ್ಲಿ, ಕ್ಯಾಮೆರಾಗಳಲ್ಲಿ, ಹಾಜರಿ ಯಂತ್ರಗಳಲ್ಲಿ ಬೇರುಬಿಟ್ಟು, ಅವರು ನಿವೃತ್ತರಾದ ಮೇಲೂ ಹಾಗೆಯೇ ಕುಳಿತಿರುತ್ತವೆ. ನಾಲ್ಕನೆಯ ಆವೃತ್ತಿಯ ಐಪಿ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಅವು ಜಗತ್ತಿಗೆ ಸಾಲವೆಂಬುದು ಬಹುಕಾಲದ ಹಿಂದೆಯೇ ತಿಳಿದಿದ್ದು, 2011ರ ಫೆಬ್ರವರಿ 3ರಂದು ಕೇಂದ್ರ ಭಂಡಾರದ ಕಟ್ಟಕಡೆಯ ಕಂತುಗಳನ್ನು ಐದು ಪ್ರಾದೇಶಿಕ ಸಂಸ್ಥೆಗಳಿಗೆ ಹಂಚಿದ್ದಾಯಿತು. ಸಂಸ್ಥೆಗಳ ಒಳಬಳಕೆಗೆಂದು 1996ರಲ್ಲಿ ಮೂರು ಸಮೂಹಗಳನ್ನು ಮೀಸಲಿಟ್ಟರು. ಅವುಗಳಲ್ಲಿ 10ರಿಂದ ಆರಂಭವಾಗುವುದು ಅತಿ ವಿಶಾಲವಾದದ್ದು, 1 ಕೋಟಿ 67 ಲಕ್ಷಕ್ಕೂ ಮಿಕ್ಕ ವಿಳಾಸಗಳಿಗೆ ಎಡೆಯುಳ್ಳದ್ದು. 192.168ರಿಂದ ಆರಂಭವಾಗುವುದರಲ್ಲಿ 65,536 ವಿಳಾಸಗಳಿವೆ. ಮನೆಗಳಿಗೆ ಬರುವ ಪುಟ್ಟ ವೈ-ಫೈ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ.

ಕಲಿಯುವವನು ಇಲ್ಲಿ ಸಂಸ್ಥೆಯ ಭೂಪಟವನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳಬೇಕು. ಎರಡನೆಯ ಅಂಕಿ ಶಾಖೆಯನ್ನು ಸೂಚಿಸಲಿ, ಮೂರನೆಯದು ಮಹಡಿಯನ್ನೋ ವಿಭಾಗವನ್ನೋ ಸೂಚಿಸಲಿ, ಪ್ರತಿಯೊಂದರ ಪಕ್ಕದಲ್ಲಿಯೂ ಬೆಳೆಯಲು ಖಾಲಿ ಜಾಗವಿರಲಿ ಎಂದು ನಿಶ್ಚಯಿಸಿದರೆ, 10.12.3 ಎಂದು ಕಂಡೊಡನೆಯೇ ಅದು ಹನ್ನೆರಡನೆಯ ಶಾಖೆಯ ಮೂರನೆಯ ಮಹಡಿ ಎಂದು ಅರ್ಧರಾತ್ರಿಯಲ್ಲಿ ಎದ್ದು ಬಂದ ತಂತ್ರಜ್ಞನಿಗೂ ಹೊಳೆಯುತ್ತದೆ; ರೂಟರಿಗೂ ಒಂದು ಶಾಖೆಯನ್ನು ಒಂದೇ ಸಾಲಿನಲ್ಲಿ ನೆನಪಿಟ್ಟುಕೊಳ್ಳುವುದು ಸಾಧ್ಯವಾಗುತ್ತದೆ. ಇದಕ್ಕೆ ಬದಲಾಗಿ, ಪೆಟ್ಟಿಗೆಯಲ್ಲಿ ಬಂದ 192.168.1 ಎಂಬುದನ್ನೇ ಇಟ್ಟುಕೊಂಡ ಎರಡು ಸಂಸ್ಥೆಗಳು ಮುಂದೊಂದು ದಿನ ಒಂದಾದಾಗ, ಇಬ್ಬರು ಬೇರೆಬೇರೆ ವ್ಯಕ್ತಿಗಳು ಒಂದೇ ವಿಳಾಸವನ್ನು ತಮ್ಮದೆನ್ನುತ್ತಾರೆ. ಅದನ್ನು ಬಿಡಿಸುವುದಕ್ಕೆ ಆಗತಕ್ಕ ಶ್ರಮವನ್ನು ಕಂಡವರೇ ಬಲ್ಲರು. ಆರನೆಯ ಆವೃತ್ತಿಯ ವಿಳಾಸಗಳಿಗೂ ಇಂದೇ ಯೋಜನೆಯಲ್ಲಿ ಸ್ಥಾನ ಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅದು ನಾಳಿನ ಮಾತೆಂದು ಮುಂದೂಡುವುದು ನಾಳಿನವರ ಮೇಲೆ ಹೊರೆ ಹೊರಿಸಿದಂತೆ.

ವಿಳಾಸಗಳನ್ನು ಗಣಕಗಳಿಗೆ ತಾನಾಗಿಯೇ ಹಂಚುವ ಡಿಎಚ್‌ಸಿಪಿ ಎಂಬ ಸೇವೆ 1993ರಲ್ಲಿ ರೂಪುಗೊಂಡಿತು. ಅದು ವಿಳಾಸವನ್ನು ದಾನವಾಗಿ ಕೊಡುವುದಿಲ್ಲ, ಅವಧಿಗೆ ಒಳಪಟ್ಟ ಗುತ್ತಿಗೆಯಾಗಿ ಕೊಡುತ್ತದೆ. ಅರ್ಧ ಅವಧಿ ಕಳೆದೊಡನೆ ಗಣಕವು ನವೀಕರಣವನ್ನು ಕೇಳುತ್ತದೆ. ವಿನ್ಯಾಸದ ದೃಷ್ಟಿಯಿಂದ ಇದರ ಸ್ವಭಾವ ವಿಲಕ್ಷಣವಾದದ್ದು. ಬೆಳಿಗ್ಗೆ ಹತ್ತು ಗಂಟೆಗೆ ಈ ಸೇವೆ ನಿಂತರೆ ಹತ್ತೂವರೆಗೆ ಯಾರೂ ದೂರು ಹೇಳುವುದಿಲ್ಲ. ಗುತ್ತಿಗೆಯ ಅವಧಿ ಇದ್ದವರು ನಿಶ್ಚಿಂತರಾಗಿರುತ್ತಾರೆ, ಹೊಸದಾಗಿ ಬಂದವರು ಮಾತ್ರ 169.254ರಿಂದ ಆರಂಭವಾಗುವ ನಿಷ್ಪ್ರಯೋಜಕ ವಿಳಾಸವನ್ನು ಹೊತ್ತು ಕೂರುತ್ತಾರೆ. ಗುತ್ತಿಗೆಯ ಅವಧಿಯನ್ನು ಎಷ್ಟಿಡಬೇಕು ಎಂಬುದು ಆದಕಾರಣ ಕೇವಲ ಯಂತ್ರದ ಪ್ರಶ್ನೆಯಲ್ಲ. ಗಂಟೆಗೊಂದು ಗುಂಪು ಮೊಬೈಲು ಹಿಡಿದು ಬಂದುಹೋಗುವ ಕಾಲೇಜಿನ ಗ್ರಂಥಾಲಯಕ್ಕೆ ಕೆಲವು ಗಂಟೆಗಳು ಸಾಕು. ಅದೇ ಗಣಕ ಅದೇ ಮೇಜಿನ ಮೇಲೆ ವರ್ಷವಿಡೀ ಇರುವ ಲೆಕ್ಕಪತ್ರ ಶಾಖೆಗೆ ಎಂಟು ದಿನಗಳಿದ್ದರೆ, ಸೇವೆ ಕೆಟ್ಟರೂ ಅದನ್ನು ಸರಿಪಡಿಸಲು ಕಾಲಾವಕಾಶ ದೊರೆಯುತ್ತದೆ.

ಹೆಸರುಗಳ ಸೇವೆಯಾದ ಡಿಎನ್‌ಎಸ್‌ನ ಚರಿತ್ರೆಯು ವಿನ್ಯಾಸವೆಂದರೇನು ಎಂಬುದನ್ನು ತಾನೇ ಬೋಧಿಸುವಂಥದ್ದು. ಇಂಟರ್ನೆಟ್ಟಿನ ಪೂರ್ವರೂಪವಾದ ಅರ್ಪಾನೆಟ್ಟಿನ ಆದಿಕಾಲದಲ್ಲಿ ಎಲ್ಲ ಗಣಕಗಳ ಹೆಸರು ವಿಳಾಸಗಳೂ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯದ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಆ ಕಡತವನ್ನು ಕಾಪಾಡಿಕೊಂಡು ಬರುತ್ತಿತ್ತು, ಉಳಿದವರೆಲ್ಲರೂ ಅದರ ಪ್ರತಿಯನ್ನು ತರಿಸಿಕೊಳ್ಳುತ್ತಿದ್ದರು. ಜಾಲ ಬೆಳೆದಂತೆ ಆ ಏರ್ಪಾಡು ಭಾರವಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಅವರು, ಪ್ರತಿಯೊಂದು ವಿಭಾಗದ ಹೆಸರುಗಳ ಅಧಿಕಾರವನ್ನು ಆ ವಿಭಾಗವನ್ನು ಬಲ್ಲವರಿಗೇ ಒಪ್ಪಿಸಿ, ಮೇಲಿನವರು ಕೆಳಗಿನವರ ಠಿಕಾಣಿಯನ್ನು ಮಾತ್ರ ತಿಳಿದಿದ್ದರೆ ಸಾಕೆಂಬ ವ್ಯವಸ್ಥೆಯನ್ನು ರೂಪಿಸಿದರು. ಕೆಲವೇ ನೂರು ಗಣಕಗಳಿದ್ದ ಕಾಲದ ಆ ಕಲ್ಪನೆ ಇಂದಿನ ಜಗತ್ತನ್ನು ಹೊತ್ತಿದೆ. ಬೆಳವಣಿಗೆಯನ್ನು ಮುಂಗಾಣುವುದೆಂದರೆ ಇದು.

ಆದರೆ ಎಷ್ಟೇ ಉತ್ತಮವಾದ ಸೇವೆಯಾದರೂ ಅದನ್ನು ಇಡುವ ಸ್ಥಳ ತಪ್ಪಿದರೆ ವ್ಯರ್ಥ. 2001ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಪ್ರಮುಖ ಜಾಲತಾಣಗಳು ಒಂದು ದಿನದ ಹತ್ತಿರ ಹತ್ತಿರ ಜಗತ್ತಿಗೆ ಕಾಣದಾದವು. ಹೆಸರು ಹೇಳುವ ನಾಲ್ಕು ಸರ್ವರುಗಳು ಅದಕ್ಕಿದ್ದವು, ನಾಲ್ಕೂ ಸುಸ್ಥಿತಿಯಲ್ಲಿದ್ದವು. ಆದರೆ ನಾಲ್ಕೂ ಒಂದೇ ಜಾಲಭಾಗದಲ್ಲಿದ್ದುದರಿಂದ, ಅಲ್ಲಿಗೆ ಹೋಗುವ ರೂಟರಿನ ಹೊಂದಾಣಿಕೆ ತಪ್ಪಿದೊಡನೆ ನಾಲ್ಕೂ ಒಟ್ಟಿಗೆ ಮರೆಯಾದವು. ಇಂಥ ಸರ್ವರುಗಳನ್ನು ಜಾಲದಲ್ಲಿಯೂ ಭೂಪಟದಲ್ಲಿಯೂ ದೂರದೂರ ಇಡಬೇಕೆಂಬ ಲಿಖಿತ ಸಲಹೆ 1997ರಲ್ಲಿಯೇ ಪ್ರಕಟವಾಗಿತ್ತು. ಸಂಖ್ಯೆ ಬೇರೆ, ಸ್ವಾತಂತ್ರ್ಯ ಬೇರೆ ಎಂಬುದನ್ನು ವಿದ್ಯಾರ್ಥಿಯು ಈ ಒಂದು ಘಟನೆಯಿಂದಲೇ ಮನಗಾಣಬಹುದು.

ಕಾಲದ ಸೇವೆಯನ್ನೂ ಗುರುತಿನ ಸೇವೆಯನ್ನೂ ಕುರಿತು ಸಂಕ್ಷೇಪವಾಗಿ ಹೇಳಿದರೆ ಸಾಕು. ಅಮೆರಿಕದ ಎಂಐಟಿಯಲ್ಲಿ ಹುಟ್ಟಿ ಇಂದು ಅಸಂಖ್ಯ ಕಚೇರಿಗಳ ಲಾಗಿನ್ನಿಗೆ ಆಧಾರವಾಗಿರುವ ಕರ್ಬೆರೋಸ್ ಪದ್ಧತಿಯಲ್ಲಿ, ಗಣಕದ ಗಡಿಯಾರವು ಸರ್ವರಿನ ಗಡಿಯಾರಕ್ಕಿಂತ ಐದು ನಿಮಿಷಕ್ಕೂ ಹೆಚ್ಚು ಹಿಂದೆಮುಂದೆ ಇದ್ದರೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಬಾಗಿಲು ತೆರೆಯದಿರುವುದು ರೂಢಿ. ಡೇವಿಡ್ ಮಿಲ್ಸ್ ಅವರು 1985ರ ಹೊತ್ತಿಗೆ ರೂಪಿಸಿಕೊಟ್ಟ ಎನ್‌ಟಿಪಿ ಎಂಬ ಕಾಲಹೊಂದಾಣಿಕೆಯ ಸೇವೆಯನ್ನು ಮರೆತವನಿಗೆ, ಲಾಗಿನ್ ಏಕೆ ಆಗುತ್ತಿಲ್ಲವೆಂಬುದು ಬಹಳ ಹೊತ್ತು ತಿಳಿಯದು.

ಈಗ ಒಂದು ಸಣ್ಣ ಗಣಿತ. ತಂತಿ, ವಿಳಾಸ, ಹೆಸರು, ಗುರುತು, ಕೊನೆಗೆ ಸರ್ವರ್, ಹೀಗೆ ಐದು ಸಂಗತಿಗಳು ಒಟ್ಟಿಗೆ ನಡೆದರೆ ಮಾತ್ರ ಗುಮಾಸ್ತನ ಕೆಲಸ ನಡೆಯುವುದಾದರೆ, ಮತ್ತು ಪ್ರತಿಯೊಂದೂ ನೂರಕ್ಕೆ 99ರಷ್ಟು ಕಾಲ ಚೆನ್ನಾಗಿರುವುದಾದರೆ, ಐದೂ ಏಕಕಾಲದಲ್ಲಿ ಚೆನ್ನಾಗಿರುವುದು ನೂರಕ್ಕೆ 95ರಷ್ಟು ಕಾಲ ಮಾತ್ರ. ವರ್ಷಕ್ಕೆ ಸುಮಾರು ಹದಿನೆಂಟು ದಿನ ಆ ಕಿಟಕಿ ಮುಚ್ಚಿರುತ್ತದೆ, ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಬ್ಬ ಅಧಿಕಾರಿಯೂ ತನ್ನ ಭಾಗ ಚೆನ್ನಾಗಿದೆಯೆಂದು ಸತ್ಯವಾಗಿಯೇ ಹೇಳುತ್ತಿದ್ದರೂ! ಅದಕ್ಕೆ ಪ್ರತಿಯಾಗಿ, ನೂರಕ್ಕೆ 99ರಷ್ಟು ಕಾಲ ನಡೆಯುವ ಎರಡು ತಂತಿಗಳನ್ನು ಒಂದಕ್ಕೊಂದು ಬದಲಿಯಾಗಿ ಇಟ್ಟರೆ, ಎರಡೂ ಒಟ್ಟಿಗೆ ಕೆಡುವುದು ಹತ್ತು ಸಾವಿರದಲ್ಲಿ ಒಂದು ಪಾಲು. ಆದರೆ ಈ ಲೆಕ್ಕ ನಿಜವಾಗುವುದು ಎರಡರ ಕೇಡೂ ಸ್ವತಂತ್ರವಾಗಿದ್ದಾಗ ಮಾತ್ರ. ಎರಡು ಬೇರೆ ಕಂಪನಿಗಳಿಂದ ಸಂಪರ್ಕವನ್ನು ಪಡೆದು ಸುರಕ್ಷಿತರಾದೆವೆಂದು ತಿಳಿದವರ ಎರಡೂ ಕೇಬಲ್ಲುಗಳು ರಸ್ತೆಯಡಿಯ ಒಂದೇ ಅಗಳಿನಲ್ಲಿದ್ದರೆ, ಜೆಸಿಬಿಯ ಒಂದು ಅಗೆತಕ್ಕೆ ಎರಡೂ ಹೋಗುತ್ತವೆ. ಕೇಬಲ್ಲು ಯಾವ ಬೀದಿಯಲ್ಲಿ, ಯಾವ ಕಂಬದ ಮೇಲೆ ಬರುತ್ತದೆಂದು ಕಂಪನಿಯವರನ್ನು ಕೇಳಿ ಬರೆದುಕೊಳ್ಳುವುದೂ ವಿನ್ಯಾಸದ ಭಾಗವೇ. ಮಲೆನಾಡಿನಲ್ಲಿ ಮುಂಗಾರಿಗೆ ಮುಂಚಿನ ಸಿಡಿಲನ್ನು ಕಂಡವರು ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ತಂತಿಯನ್ನು ಎಳೆಯುವ ಮುನ್ನ ಎರಡು ಸಲ ಯೋಚಿಸುತ್ತಾರೆ. ಗಾಜಿನೆಳೆಯ ಫೈಬರು ಸಿಡಿಲಿನ ವಿದ್ಯುತ್ತನ್ನು ಸಾಗಿಸದು, ತಾಮ್ರದ ತಂತಿಗಿರುವ ನೂರು ಮೀಟರಿನ ಮಿತಿಯೂ ಅದಕ್ಕಿಲ್ಲ.

ಒಂದು ಸೇವೆಗೆ ಇನ್ನೊಂದರ ಮೇಲಿರುವ ಆಶ್ರಯವೆಂಬುದು ಎಷ್ಟು ಗೂಢವಾಗಿ ಅಡಗಿರಬಲ್ಲದೆಂಬುದಕ್ಕೆ 2021ರ ಅಕ್ಟೋಬರ್ 4ರ ಘಟನೆ ಸಾಕ್ಷಿ. ಅಂದು ಫೇಸ್‌ಬುಕ್ ಕಂಪನಿಯಲ್ಲಿ ನಿರ್ವಹಣೆಯ ಒಂದು ಆಜ್ಞೆಯಿಂದ ಅದರ ದತ್ತಾಂಶ ಕೇಂದ್ರಗಳ ನಡುವಿನ ಬೆನ್ನೆಲುಬಿನಂಥ ಜಾಲ ಕಡಿದುಹೋಯಿತು. ಹೆಸರಿನ ಸರ್ವರುಗಳು, ಕೇಂದ್ರಗಳ ಸಂಪರ್ಕವಿಲ್ಲದ ತಾವು ರೋಗಗ್ರಸ್ತರೆಂದು ತೀರ್ಮಾನಿಸಿ, ಮೊದಲೇ ಕಲಿಸಿದ್ದ ನಿಯಮದಂತೆ, ತಮ್ಮ ಅಸ್ತಿತ್ವವನ್ನು ಜಗತ್ತಿಗೆ ಸಾರುವುದನ್ನು ನಿಲ್ಲಿಸಿದವು. ಸರಿಪಡಿಸುವವರು ಬಳಸಬೇಕಾಗಿದ್ದ ಸಾಧನಗಳೂ ಅದೇ ಜಾಲವನ್ನೇ ಆಶ್ರಯಿಸಿದ್ದರಿಂದ ತಂತ್ರಜ್ಞರು ಖುದ್ದಾಗಿ ಕೇಂದ್ರಗಳಿಗೆ ಹೋಗಬೇಕಾಯಿತು. ಸೇವೆ ಮರಳಲು ಸುಮಾರು ಆರು ಗಂಟೆ ಹಿಡಿಯಿತು. ಬಿದ್ದವನನ್ನು ಎತ್ತುವ ಕೈ ಬಿದ್ದವನದೇ ಆಗಿರಬಾರದು ಎಂಬ ನಿಯಮವನ್ನು ಸಣ್ಣ ಸಂಸ್ಥೆಯೂ ಪಾಲಿಸಬಹುದು: ರೂಟರುಗಳ ಪಾಸ್‌ವರ್ಡುಗಳೂ ಜಾಲದ ನಕ್ಷೆಯೂ ಆ ಜಾಲದೊಳಗಿನ ಸರ್ವರಿನಲ್ಲಿ ಮಾತ್ರ ಇರದೆ, ಮುದ್ರಿತ ಪ್ರತಿಯಾಗಿ ಬೀಗ ಹಾಕಿದ ಬೀರುವಿನಲ್ಲಿಯೂ ಇರಲಿ.

ಇಷ್ಟೆಲ್ಲವನ್ನೂ ಕಲಿಸುವುದು ಹೇಗೆ? ವಿಂಡೋಸ್ 2000ದ ಕಾಲದಲ್ಲಿ ಮೈಕ್ರೋಸಾಫ್ಟ್ ನಡೆಸುತ್ತಿದ್ದ ವಿನ್ಯಾಸದ ಪರೀಕ್ಷೆಗಳಲ್ಲಿ ಅಭ್ಯರ್ಥಿಯ ಮುಂದೆ ಮೊದಲು ಒಂದು ಕಲ್ಪಿತ ಸಂಸ್ಥೆಯ ವೃತ್ತಾಂತವನ್ನಿಡುತ್ತಿದ್ದರು: ಅದರ ಶಾಖೆಗಳು, ಇಂದಿನ ಸ್ಥಿತಿ, ಮುಂದಿನ ಉದ್ದೇಶ, ಅಧಿಕಾರಿಗಳ ಹೇಳಿಕೆಗಳು. ಅವುಗಳನ್ನು ಓದಿ, ನಿಜವಾದ ಅಗತ್ಯ ಯಾವುದೆಂದು ಅರಿತ ಮೇಲೆಯೇ ಪ್ರಶ್ನೆಗಳಿಗೆ ಉತ್ತರಿಸಬೇಕಾಗಿತ್ತು. ಆ ತಂತ್ರಾಂಶ ಹಳತಾಗಿ ಹೋಯಿತು. ಆ ಬೋಧನಾಕ್ರಮ ಹಳತಾಗಿಲ್ಲ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಜಾಲದ ಏಳು ಸ್ತರಗಳನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗೆ ತಾನು ನಾಲ್ಕು ವರ್ಷ ಓದಿದ ಕಾಲೇಜಿನ ಜಾಲದ ನಕ್ಷೆಯನ್ನು ಬರೆಯಲು ಹೇಳಿದರೆ, ಅವನ ವಿದ್ಯೆ ಅಲ್ಲಿಂದ ಆರಂಭವಾಗುತ್ತದೆಂದು ನಾನು ನಂಬಿದ್ದೇನೆ.

ಅವನು ಮೊದಲು ಯಂತ್ರಗಳ ಬಳಿಗೆ ಹೋಗುವುದು ಬೇಡ. ಶುಲ್ಕ ಕಟ್ಟಿಸಿಕೊಳ್ಳುವ ಗುಮಾಸ್ತರನ್ನು, ಗ್ರಂಥಪಾಲಕರನ್ನು, ಪರೀಕ್ಷಾ ವಿಭಾಗದವರನ್ನು, ವಿದ್ಯಾರ್ಥಿನಿಲಯದ ಮೇಲ್ವಿಚಾರಕರನ್ನು ಕಂಡು, ‘ಮೇಡಂ, ನೆಟ್ ಹೋದರೆ ನಿಮ್ಮ ಯಾವ ಕೆಲಸ ನಿಲ್ಲುತ್ತದೆ? ವರ್ಷದ ಯಾವ ದಿನ ಹೋದರೆ ಸರ್ವಥಾ ಆಗದು?’ ಎಂದು ವಿನಯದಿಂದ ಕೇಳಲಿ. ದಾಖಲಾತಿಯ ಕೊನೆಯ ದಿನವೂ ಪರೀಕ್ಷೆಯ ಬೆಳಗೂ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಆ ಉತ್ತರಗಳಲ್ಲಿಯೇ ಇವೆ. ಬಳಿಕ ಕಟ್ಟಡದಲ್ಲಿ ನಡೆದಾಡಲಿ: ಸ್ವಿಚ್ಚು ಮೆಟ್ಟಿಲ ಕೆಳಗೆ ಧೂಳಿನಲ್ಲಿದೆಯೇ, ಯುಪಿಎಸ್ಸಿನ ಬ್ಯಾಟರಿ ಎಷ್ಟು ಹಳೆಯದು, ಕೀಲಿ ಯಾರ ಬಳಿಯಿದೆ, ಅವರು ಊರಿಗೆ ಹೋದರೆ ಯಾರ ಬಳಿಯಿರುತ್ತದೆ. ಆಮೇಲೆ ಕಾಗದದ ಮೇಲೆ ಹೊಸ ಯೋಜನೆಯನ್ನು ಬರೆದು, ಪ್ರತಿ ನಿರ್ಣಯದ ಪಕ್ಕದಲ್ಲಿಯೂ ಅದರ ಕಾರಣವನ್ನು, ಕೈಬಿಟ್ಟ ಇನ್ನೊಂದು ಮಾರ್ಗವನ್ನು, ಬರೆದ ದಿನಾಂಕವನ್ನು ನಮೂದಿಸಲಿ. ಹತ್ತು ವರ್ಷಗಳ ಮೇಲೆ ಅದನ್ನು ತೆರೆದವರಿಗೆ ಅಂಕಿಗಳಿಗಿಂತ ಆ ಕಾರಣಗಳೇ ಹೆಚ್ಚು ಉಪಕಾರಿ.

ಯೋಜನೆಯನ್ನು ಪರೀಕ್ಷಿಸಲು ಇಂದು ದುಬಾರಿ ಸಲಕರಣೆ ಬೇಕಿಲ್ಲ. ಜಿಎನ್‌ಎಸ್3, ಪ್ಯಾಕೆಟ್ ಟ್ರೇಸರ್‌ನಂಥ ಉಚಿತ ತಂತ್ರಾಂಶಗಳಲ್ಲಿ ಇಡೀ ಜಾಲವನ್ನು ಒಂದು ಗಣಕದೊಳಗೇ ಕಟ್ಟಬಹುದು. ವೈರ್‌ಶಾರ್ಕಿನ ಮೂಲಕ ಪ್ರತಿಯೊಂದು ಸಂದೇಶವೂ ಹೋಗಿ ಬರುವುದನ್ನು ಕಣ್ಣಾರೆ ನೋಡಬಹುದು. ಹಾಗೆ ಕಟ್ಟಿದ ಮೇಲೆ ಕೆಡಿಸುವ ಕೆಲಸವನ್ನು ಕ್ರಮವಾಗಿ ಮಾಡಬೇಕು. ಮೊದಲು ಹೆಸರಿನ ಸರ್ವರುಗಳಲ್ಲಿ ಒಂದನ್ನು ನಿಲ್ಲಿಸುವುದು, ಅನಂತರ ಎರಡನ್ನೂ ನಿಲ್ಲಿಸುವುದು, ವಿಳಾಸ ಹಂಚುವುದನ್ನು ನಿಲ್ಲಿಸಿ ಗುತ್ತಿಗೆ ಮುಗಿಯುವವರೆಗೆ ಕಾಯುವುದು, ಗಡಿಯಾರವನ್ನು ಆರು ನಿಮಿಷ ತಿರುಗಿಸುವುದು, ಎರಡು ಸ್ವಿಚ್ಚುಗಳ ನಡುವೆ ಬೇಕೆಂದೇ ವೃತ್ತವನ್ನು ಮಾಡುವುದು. ಪ್ರತಿ ಸಲವೂ ಯಾರ ಮೇಜಿನಿಂದ ಮೊದಲ ದೂರು ಬಂದೀತು, ಎಷ್ಟು ಹೊತ್ತಿಗೆ ಬಂದೀತು ಎಂದು ಮುಂಚೆಯೇ ಬರೆದಿಟ್ಟು, ನಡೆದದ್ದರೊಡನೆ ಹೋಲಿಸಿ ನೋಡುವುದು. ಕಾಲೇಜಿನವರು ಒಪ್ಪಿದರೆ, ಒಂದು ರಜಾದಿನದಂದು, ಮೇಲ್ವಿಚಾರಕರ ಸಮ್ಮುಖದಲ್ಲಿ, ಇದನ್ನೇ ನಿಜವಾದ ಜಾಲದ ಮೇಲೆಯೂ ಮಾಡಿ, ಬರೆದಿಟ್ಟ ಊಹೆಗೂ ನಡೆದ ಸಂಗತಿಗೂ ಎಲ್ಲೆಲ್ಲಿ ಹೊಂದಲಿಲ್ಲವೋ ಅಲ್ಲಲ್ಲಿ ನಕ್ಷೆಯನ್ನು ತಿದ್ದಬಹುದು.